ಎಸ್ಕೂಡೋ ಬಿಲ್ಲೆಯ ಅಂಜೂರ, ಮೆಣಸು ಮತ್ತು ನಾಲಿಗೆಯ ಉರಿ

ಪ್ರಶ್ನೆ: ನಾನು ಪಿರಿಯಾಪಟ್ಟಣದವನು, ಈಗ ಡೆನ್ಮಾರ್ಕ್‌ನಲ್ಲಿ ಕೆಲಸದಲ್ಲಿದ್ದೇನೆ. ಎರಡು ವರ್ಷಗಳಿಂದ ವೆನಿಲಾ ಪರಿಮಳದ ತಂಬಾಕನ್ನು ಪೈಪಿನಲ್ಲಿ ಸೇದುತ್ತಿದ್ದೇನೆ. ಕಚೇರಿಯ ಹಿರಿಯರೊಬ್ಬರು ಎಸ್ಕೂಡೋ ಎಂಬ ಮಿಶ್ರಣದ ಡಬ್ಬಿಯೊಂದನ್ನು ಕೊಟ್ಟರು. ಮುಚ್ಚಳ ತೆಗೆದಾಗ ಅಂಜೂರ, ಒಣದ್ರಾಕ್ಷಿಗಳ ಸೊಗಸಾದ ವಾಸನೆ ಬಂತು. ಸೇದಿದರೆ ಮಾತ್ರ ನಾಲಿಗೆ ಉರಿಯುತ್ತದೆ, ಮೂಗಿಗೆ ಮೆಣಸಿನ ಘಾಟು ಹತ್ತುತ್ತದೆ, ಪದೇಪದೇ ಆರಿಹೋಗುತ್ತದೆ, ಕೊನೆಗೆ ಬರೀ ಕಹಿ. ತಂಬಾಕು ಕೆಟ್ಟಿದೆಯೇ? ಇದರಲ್ಲಿ ಇರುವುದು ವರ್ಜೀನಿಯಾ ಎಲೆ ಎಂದು ಡಬ್ಬಿಯ ಮೇಲಿದೆ. ನಮ್ಮ ತಂದೆ ಜೀವನವಿಡೀ ಸೊಪ್ಪು ಒಣಗಿಸಿ ಹದಮಾಡುವ ಮನೆಯಾದ ಬ್ಯಾರನ್‌ಗೆ ಬೆಂಕಿ ಹಾಕಿದ್ದೂ ವರ್ಜೀನಿಯಾ ಹೊಗೆಸೊಪ್ಪಿಗೇ. ಎರಡೂ ಒಂದೇ ಎಲೆಯೇ?

ಉತ್ತರ: ತಂಬಾಕು ಕೆಟ್ಟಿಲ್ಲ, ನಿಮ್ಮ ನಾಲಿಗೆಯಲ್ಲೂ ದೋಷವಿಲ್ಲ. ನೀವು ಬರೆದಿರುವ ನಾಲ್ಕು ಲಕ್ಷಣಗಳಲ್ಲಿ ಉರಿ, ಕಹಿ ಮತ್ತು ಆರಿಹೋಗುವುದು ಈ ಮೂರರ ಬೇರು ಒಂದೇ. ತೇವ ಉಳಿದಿರುವ ಎಲೆಯನ್ನು ನೀವು ಜೋರು ಬೆಂಕಿಯಲ್ಲಿ ಸುಡುತ್ತಿದ್ದೀರಿ. ನಾಲ್ಕನೆಯದಾದ ಮೆಣಸಿನ ಘಾಟು ದೋಷವೇ ಅಲ್ಲ. ಎಸ್ಕೂಡೋವನ್ನು ಹುಡುಕಿಕೊಂಡು ಹೋಗಿ ಕೊಳ್ಳುವವರು ಅದಕ್ಕಾಗಿಯೇ ಕೊಳ್ಳುತ್ತಾರೆ. ಎಲೆಯ ವರ್ಗೀಕರಣ ಮತ್ತು ಮಿಶ್ರಣದ ಕೆಲಸದಲ್ಲೇ ಬದುಕು ಕಳೆದ ನನಗೆ ನಿಮ್ಮ ಪ್ರಶ್ನೆಯ ಕೊನೆಯ ಭಾಗ ಹೆಚ್ಚು ಇಷ್ಟವಾಯಿತು. ಬ್ಯಾರನ್ ಕಂಡ ಮನೆಯವರಿಗೆ ಈ ಡಬ್ಬಿಯ ಗುಟ್ಟನ್ನು ವಿವರಿಸುವುದು ಸುಲಭ.

ಮೊದಲು ಮಿಶ್ರಣವನ್ನು ನೋಡೋಣ. ಎಸ್ಕೂಡೋ ಹಳೆಯ ಇಂಗ್ಲಿಷ್ ಹೆಸರು. ಲಿವರ್‌ಪೂಲ್‌ನ ಕೋಪ್ ಸಹೋದರರ ಕಂಪನಿ ಅದನ್ನು ಮಾರುತ್ತಿತ್ತು. ಈಗ ಅದು ತಯಾರಾಗುವುದು ನೀವಿರುವ ಡೆನ್ಮಾರ್ಕ್‌ನಲ್ಲೇ. ವರ್ಜೀನಿಯಾ ಎಲೆಗಳ ಜೊತೆಗೆ ಪೆರೀಕ್ ಎಂಬ ಹುದುಗಿಸಿದ ಕಪ್ಪು ಎಲೆಯನ್ನು ಸೇರಿಸಿ, ಹಗ್ಗದಂತೆ ಸುತ್ತಿ, ಒತ್ತಿ, ಅಡ್ಡಲಾಗಿ ಕೊಯ್ದು ಬಿಲ್ಲೆ ಮಾಡುತ್ತಾರೆ. ನೀವು ಈವರೆಗೆ ಸೇದಿದ ವೆನಿಲಾ ತಂಬಾಕಿನಲ್ಲಿ ಪರಿಮಳವನ್ನು ಹೊರಗಿನಿಂದ ಎರೆದಿರುತ್ತಾರೆ. ಎಲೆಗೆ ತನ್ನದೇ ಮಾತು ಹೆಚ್ಚಿರುವುದಿಲ್ಲ. ಇಲ್ಲಿ ಹಾಗಲ್ಲ. ಮುಚ್ಚಳ ತೆಗೆದಾಗ ನಿಮಗೆ ಬಂದ ಅಂಜೂರದ ವಾಸನೆ ಹುಟ್ಟಿದ್ದು ಎಲೆಯನ್ನು ಹದಮಾಡಿದ ಕ್ರಮದಿಂದ.

ವರ್ಜೀನಿಯಾದ ಸಿಹಿ ಎಲ್ಲಿಂದ ಬರುತ್ತದೆ ಎಂಬುದು ನಿಮ್ಮ ತಂದೆಯವರಿಗೆ ಬಾಯಿಪಾಠವಿರುತ್ತದೆ. ಮುರಿದು ತಂದ ಹಸಿರು ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್‌ನಲ್ಲಿ ಏರಿಸಿ, ಮೊದಲು 35ರಿಂದ 40 ಡಿಗ್ರಿಯ ಮೆಲು ಶಾಖದಲ್ಲಿ, ತೇವ ಹಿಡಿದಿಟ್ಟು ಹಳದಿ ಬರಿಸುತ್ತಾರೆ. ಆ ಹೊತ್ತಿನಲ್ಲಿ ಎಲೆ ಇನ್ನೂ ಜೀವಂತವಾಗಿರುತ್ತದೆ, ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಬಣ್ಣ ಬಂದ ಮೇಲೆ ಶಾಖ ಏರಿಸಿ ಎಲೆಯನ್ನು, ಕೊನೆಗೆ 70 ಡಿಗ್ರಿಯ ಆಸುಪಾಸಿನಲ್ಲಿ ದಂಟನ್ನು ಒಣಗಿಸುತ್ತಾರೆ. ಹೀಗೆ ಸರಿಯಾದ ಕ್ಷಣದಲ್ಲಿ ಎಲೆಯ ಉಸಿರು ನಿಲ್ಲಿಸುವುದರಿಂದ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ನೆರಳಿನಲ್ಲಿ ವಾರಗಟ್ಟಲೆ ತೂಗುಹಾಕಿ ಒಣಗಿಸುವ ಬರ್ಲಿ ಎಲೆ ಸಾಯುವ ಮೊದಲು ತನ್ನ ಸಕ್ಕರೆಯನ್ನು ತಾನೇ ತಿಂದು ಮುಗಿಸಿರುತ್ತದೆ. ಅದಕ್ಕೇ ಬರ್ಲಿಯ ರುಚಿ ಕಡಲೆಕಾಯಿ, ಕೋಕೋಗಳ ಕಡೆಗೆ ವಾಲುತ್ತದೆ, ವರ್ಜೀನಿಯಾದ್ದು ಒಣಹುಲ್ಲು, ನಿಂಬೆಸಿಪ್ಪೆ, ಬೆಲ್ಲದ ಕಡೆಗೆ.

ಈ ಹಳದಿ ಎಲೆ ಹುಟ್ಟಿದ ಕತೆಯನ್ನು ಇಲ್ಲಿ ಹೇಳಲೇಬೇಕು. 1839ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಕ್ಯಾಸ್ವೆಲ್ ಪ್ರಾಂತದಲ್ಲಿ, ಸ್ಲೇಡ್ ಕುಟುಂಬದ ತೋಟದಲ್ಲಿ ಗುಲಾಮನಾಗಿದ್ದ ಸ್ಟೀಫನ್ ಎಂಬವನು ಬ್ಯಾರನ್ ಕಾಯುತ್ತಾ ನಿದ್ದೆ ಹೋದನಂತೆ. ಎಚ್ಚರವಾದಾಗ ಬೆಂಕಿ ನಂದುತ್ತಿತ್ತು. ಕುಲುಮೆಯ ಇದ್ದಿಲನ್ನು ತಂದು ಸುರಿದ. ಒಮ್ಮೆಗೇ ಏರಿದ ಆ ಶಾಖಕ್ಕೆ ಎಲೆ ಹೊಳೆಯುವ ಹಳದಿಗೆ ತಿರುಗಿತು. ಹೊಗೆ ಎಲೆಗೆ ತಾಕದಂತೆ ಲೋಹದ ಕೊಳವೆಯಲ್ಲಿ ಶಾಖ ಹಾಯಿಸುವ ಪದ್ಧತಿ ಬಳಿಕ ಬಂತು. ಪಿರಿಯಾಪಟ್ಟಣ, ಹುಣಸೂರಿನ ಬ್ಯಾರನ್‌ಗಳಲ್ಲಿ ಇಂದಿಗೂ ಉರಿಯುವುದು ಆ ಪದ್ಧತಿಯ ಬೆಂಕಿಯೇ.

ಇನ್ನು ಪೆರೀಕ್. ನನ್ನ ದೃಷ್ಟಿಯಲ್ಲಿ ಹೊಗೆಸೊಪ್ಪಿನ ಲೋಕದಲ್ಲಿ ಇದರಷ್ಟು ವಿಚಿತ್ರವಾದ, ಇದರಷ್ಟು ದುಡಿಮೆ ಬೇಡುವ ಎಲೆ ಮತ್ತೊಂದಿಲ್ಲ. ಅಮೆರಿಕದ ಲೂಸಿಯಾನಾದಲ್ಲಿ, ನ್ಯೂ ಆರ್ಲಿಯನ್ಸ್ ಮತ್ತು ಬ್ಯಾಟನ್ ರೂಜ್ ನಗರಗಳ ನಡುವೆ ಮಿಸಿಸಿಪ್ಪಿ ನದಿಯ ದಡದಲ್ಲಿರುವ ಸೇಂಟ್ ಜೇಮ್ಸ್ ಪ್ರಾಂತದ ಕಿರಿದಾದ ಮೆಕ್ಕಲು ನೆಲ ಇದರ ಊರು. ಚಾಕ್ಟಾ ಮೂಲನಿವಾಸಿಗಳು ಎಲೆಯನ್ನು ಟೊಳ್ಳು ಮರದಲ್ಲಿ ಒತ್ತಿ ಹುದುಗಿಸುತ್ತಿದ್ದರು, 1820ರ ದಶಕದಲ್ಲಿ ಪಿಯರ್ ಶೆನೆ ಎಂಬ ರೈತ ಅದನ್ನು ಕಲಿತು ಬೆಳೆಸಿದ ಎಂಬ ಪ್ರತೀತಿ ಅಲ್ಲಿದೆ. ಅರೆಒಣಗಿದ ಎಲೆಯ ದಂಟನ್ನು ಕೈಯಿಂದ ಬಿಡಿಸಿ, ಚಿಕ್ಕ ಕಟ್ಟುಗಳಾಗಿ ತಿರುಚಿ, ವಿಸ್ಕಿ ತುಂಬಿದ್ದ ಹಳೆಯ ಓಕ್ ಪೀಪಾಯಿಗಳಿಗೆ ತುಂಬುತ್ತಾರೆ. ಮೇಲಿನಿಂದ ತಿರುಪು ಜ್ಯಾಕ್‌ನಿಂದ ಒತ್ತುತ್ತಾರೆ. ಎಲೆಯ ರಸ ಹೊರಬಂದು, ಗಾಳಿಯಿಲ್ಲದ ಆ ಕತ್ತಲಲ್ಲಿ ಎಲೆ ತನ್ನದೇ ರಸದಲ್ಲಿ ಹುದುಗುತ್ತದೆ. ನಡುನಡುವೆ ಒತ್ತಡ ಸಡಿಲಿಸಿ, ಹೊರತೆಗೆದು, ಗಾಳಿಯಾಡಿಸಿ, ಮತ್ತೆ ತುಂಬಿ ಒತ್ತುತ್ತಾರೆ. ಸುಮಾರು ಒಂದು ವರ್ಷದ ಬಳಿಕ ಸಿಗುವುದು ಕಾಡಿಗೆಗಪ್ಪಿನ, ಜಿಗುಟಾದ ಎಲೆ: ಮೂಗಿಗೆ ಹುಳಿ, ಬೇಯಿಸಿದ ಪ್ಲಮ್, ಹಳೆಯ ಹುಣಸೆ, ಹೊಗೆಯಲ್ಲಿ ಕರಿಮೆಣಸು.

ಇಪ್ಪತ್ತನೆಯ ಶತಮಾನದ ಕೊನೆಗೆ ಇದನ್ನು ಬೆಳೆಯುವ ರೈತರು ಬೆರಳೆಣಿಕೆಯಷ್ಟು ಉಳಿದಿದ್ದರು. ಅಮೆರಿಕದ ಸಿಗರೇಟ್ ಕಂಪನಿಯೊಂದು ದೊಡ್ಡ ಪ್ರಮಾಣದಲ್ಲಿ ಕೊಳ್ಳತೊಡಗಿದ ಮೇಲೆ ಬೇಸಾಯ ಮತ್ತೆ ಚೇತರಿಸಿಕೊಂಡಿತು. ಅಷ್ಟಾದರೂ ಇದು ಸದಾ ಅಪರೂಪದ ಸರಕೇ.

ಪೆರೀಕ್ ಅನ್ನು ಸಾಮಾನ್ಯವಾಗಿ ಯಾರೂ ಬರಿದಾಗಿ ಸೇದುವುದಿಲ್ಲ. ಸಾರಿನ ಒಗ್ಗರಣೆಗೆ ಇಂಗು ಎಷ್ಟೋ ವರ್ಜೀನಿಯಾಕ್ಕೆ ಪೆರೀಕ್ ಅಷ್ಟು: ಬರಿದಾಗಿ ಮೂಸಿದರೆ ಮುಖ ಹಿಂಡುತ್ತೀರಿ, ಹದವರಿತು ಹಾಕಿದರೆ ಇಡೀ ಪಾತ್ರೆಯ ರುಚಿ ಏಳುತ್ತದೆ. ಬರೀ ವರ್ಜೀನಿಯಾ ಮಿಶ್ರಣಗಳಲ್ಲಿ ಸಿಹಿ ಮತ್ತು ಹುಳಿ ಇರುತ್ತವೆ, ಆದರೆ ಹಲವು ಸಲ ಹೊಗೆ ತೆಳುವೆನಿಸುತ್ತದೆ. ಪೆರೀಕ್ ಸೇರಿದ ಕೂಡಲೇ ಆ ಹೊಗೆಗೆ ತೂಕ ಬರುತ್ತದೆ, ಸಿಹಿಯ ಹಿಂದೆ ಹಣ್ಣಿನ ಗಾಢತೆ ಬರುತ್ತದೆ. ಎಸ್ಕೂಡೋದ ಜಾಣತನ ಇರುವುದು ಅದನ್ನು ಒತ್ತುವುದರಲ್ಲಿ. ಒತ್ತಡದಲ್ಲಿ ಎರಡು ಎಲೆಗಳ ಎಣ್ಣೆಯಂಶಗಳು ಒಂದರೊಳಗೊಂದು ಇಳಿಯುತ್ತವೆ. ಅದಕ್ಕೇ ಸಡಿಲವಾಗಿ ಬೆರೆಸಿದ ಮಿಶ್ರಣಗಳಲ್ಲಿ ಪೆರೀಕ್‌ನ ತುಣುಕು ಸಿಕ್ಕಾಗ ಮಾತ್ರ ಮೆಣಸು ಎದ್ದು ಹೊಡೆಯುತ್ತದೆ. ಇಲ್ಲಿ ಅದು ಪೈಪಿನ ಬಟ್ಟಲಿನ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಹಿನ್ನೆಲೆಯಲ್ಲಿ ನಡೆಯುತ್ತದೆ.

ಈಗ ನಿಮ್ಮ ನಾಲಿಗೆಯ ವಿಷಯ. ಪೈಪಿನಲ್ಲಿ ರುಚಿ ಹುಟ್ಟುವ ಜಾಗ ಕೆಂಡ ಅಲ್ಲ. ಕೆಂಡದ ಸ್ವಲ್ಪ ಕೆಳಗೆ, ಬಿಸಿ ಇದ್ದೂ ಆಮ್ಲಜನಕ ಇಲ್ಲದ ಒಂದು ಪದರವಿದೆ. ಅಲ್ಲಿ ಎಲೆ ಉರಿಯುವುದಿಲ್ಲ. ಅದರ ಪರಿಮಳದ ಅಂಶಗಳು ಆವಿಯಾಗಿ ಮೇಲೇಳುತ್ತವೆ. ಎಲೆಯ ಹಳದಿ ವರ್ಣದ್ರವ್ಯಗಳು ಹದಗೊಳ್ಳುವಾಗ ಮತ್ತು ಹಳತಾಗುವಾಗ ಒಡೆದು ಹುಟ್ಟಿದ ಹೂಹಣ್ಣಿನ ವಾಸನೆಯ ಸಂಯುಕ್ತಗಳು ಈ ಪದರದಿಂದ ನಿಮ್ಮನ್ನು ಮುಟ್ಟಬೇಕು. ಕೆಂಡ ಮೆಲ್ಲಗಿದ್ದಷ್ಟೂ ಆ ಸಂಯುಕ್ತಗಳು ಸುಡದೆ ಬಾಯಿಗೆ ತಲುಪುತ್ತವೆ. ನೀವು ಜೋರಾಗಿ ಎಳೆದಾಗ ಕೆಂಡವೇ ಆ ಪದರವನ್ನು ನುಂಗುತ್ತದೆ. ಅಂಜೂರ ಬೂದಿಯಾಗುತ್ತದೆ, ಸಕ್ಕರೆ ಸುಟ್ಟು ಕಹಿಯಾಗುತ್ತದೆ.

ಎಲೆ ತೇವವಾಗಿದ್ದರೆ ಜೋರಾಗಿ ಎಳೆಯದೆ ಬೇರೆ ದಾರಿಯೇ ಇಲ್ಲ. ಬೆಂಕಿ ಮೊದಲು ನೀರನ್ನು ಕುದಿಸಬೇಕು, ಅಷ್ಟರಲ್ಲಿ ಆರುತ್ತದೆ. ಆರದಿರಲಿ ಎಂದು ನೀವು ಇನ್ನಷ್ಟು ಎಳೆಯುತ್ತೀರಿ. ಬಾಯಿಗೆ ಬರುವುದು ಹೊಗೆಯ ಜೊತೆ ಬಿಸಿ ಹಬೆ. ಒಣ ಹೊಗೆಗಿಂತ ಹಬೆ ನಾಲಿಗೆಗೆ ಬಹಳ ಹೆಚ್ಚು ಶಾಖ ಇಳಿಸುತ್ತದೆ. ಸಕ್ಕರೆ ಹೆಚ್ಚಿರುವ ವರ್ಜೀನಿಯಾ ಈ ವಿಷಯದಲ್ಲಿ ಕ್ಷಮಿಸುವುದಿಲ್ಲ. ನಿಮ್ಮ ಉರಿ, ಕಹಿ, ಆರುವಿಕೆಗಳ ಸರಪಳಿ ಇಷ್ಟೇ.

ಆದ್ದರಿಂದ ಮಾಡಬೇಕಾದ ಮೊದಲ ಕೆಲಸ ಒಣಗಿಸುವುದು. ಸೇದುವ ಮುನ್ನ ಬೇಕಾದಷ್ಟು ಬಿಲ್ಲೆಗಳನ್ನು ಕಾಗದದ ಮೇಲೆ ಬಿಡಿಸಿ ಹರಡಿ. ನೀವಿರುವ ದೇಶದ ಚಳಿಗಾಲದಲ್ಲಿ, ಹೀಟರ್ ಹಾಕಿದ ಕೋಣೆಯಲ್ಲಿ ಅರ್ಧ ಗಂಟೆ ಸಾಕಾಗಬಹುದು. ಮಳೆಯ ದಿನ ಒಂದು ಗಂಟೆಗೂ ಮೀರಬಹುದು. ಗಡಿಯಾರಕ್ಕಿಂತ ಬೆರಳನ್ನು ನಂಬಿ. ಚಿಟಿಕೆ ಹಿಡಿದು ಒತ್ತಿ ಬಿಟ್ಟರೆ ಉಂಡೆಯಾಗಿ ನಿಲ್ಲಬಾರದು, ಮೆಲ್ಲಗೆ ಬಿಡಿಸಿಕೊಳ್ಳಬೇಕು; ಹಾಗೆಂದು ಪುಡಿಯಾಗಿ ಉದುರಲೂ ಬಾರದು. ಹರಾಜಿಗೆ ಬೇಲ್ ಕಟ್ಟುವ ಮುನ್ನ ಎಲೆಯ ಹದವನ್ನು ಕೈಯಲ್ಲಿ ಹಿಡಿದು ನೋಡುವ ಮನೆಯಿಂದ ಬಂದವರು ನೀವು. ಆ ಕೈಯ ತಿಳಿವಳಿಕೆ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ಬಿಲ್ಲೆಯನ್ನು ತುಂಬುವ ರೀತಿ ಎರಡು. ಹಳಬರು ಎರಡು ಮೂರು ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು ಮಡಚಿ ಬಟ್ಟಲಿಗೆ ಇಳಿಸುತ್ತಾರೆ. ಇದು ತಂಪಾಗಿ, ಬಹಳ ಹೊತ್ತು ಉರಿಯುತ್ತದೆ, ಆದರೆ ಹೊತ್ತಿಸುವುದು ಕಷ್ಟ. ನೀವು ಸದ್ಯಕ್ಕೆ ಅಂಗೈಯಲ್ಲಿ ಉಜ್ಜಿ ಎಳೆಎಳೆಯಾಗಿ ಬಿಡಿಸಿ ತುಂಬುವುದು ಮೇಲು. ತಳದಲ್ಲಿ ಸಡಿಲ, ಮೇಲೆ ತುಸು ಬಿಗಿ. ಹೊತ್ತಿಸುವ ಮುನ್ನ ಎಳೆದು ನೋಡಿ: ಗಾಳಿ ತಡೆಯಿಲ್ಲದೆ ಬರಬೇಕು. ತಡೆ ಎನಿಸಿದರೆ ಪೂರ್ತಿ ಸುರಿದು ಮತ್ತೆ ತುಂಬಿ. ಬಿಗಿಯಾಗಿ ತುಂಬಿದ್ದನ್ನು ಸೇದಿ ಸರಿಮಾಡಲಾಗದು. ಮೊದಲ ಕಡ್ಡಿ ಮೇಲ್ಪದರವನ್ನು ಕರಿಯಾಗಿಸಲು ಮಾತ್ರ. ಎಲೆ ಉಬ್ಬಿ ಏಳುತ್ತದೆ. ಬಟ್ಟಲಿನ ತಂಬಾಕನ್ನು ಒತ್ತುವ ಪುಟ್ಟ ಸಾಧನವಾದ ಟ್ಯಾಂಪರಿನ ಭಾರವಷ್ಟೇ ತಾಗುವಂತೆ ಸಮಮಾಡಿ ಎರಡನೆಯ ಸಲ ಹೊತ್ತಿಸಿ. ಆಮೇಲೆ ಹೊಗೆ ಕಾಣಬೇಕೆಂಬ ಆಸೆ ಬಿಡಿ. ಒಳ್ಳೆಯ ವರ್ಜೀನಿಯಾ ಮಿಶ್ರಣ ರುಚಿ ಕೊಡುವುದು ಹೊಗೆ ಎಳೆಯಷ್ಟೇ ಇದ್ದಾಗ, ಆರುತ್ತದೆಯೋ ಏನೋ ಎಂಬ ಅಂಚಿನಲ್ಲಿ. ಆರಿದರೆ ಆರಲಿ, ಮತ್ತೆ ಹೊತ್ತಿಸಿ. ಬಟ್ಟಲನ್ನು ಕೆನ್ನೆಗೆ ತಾಗಿಸಿ ನೋಡಿ: ಹಿಡಿದಿರಲು ಆಗದಷ್ಟು ಬಿಸಿಯಿದ್ದರೆ ಕೆಳಗಿಟ್ಟು ಕಾಯಬೇಕು. ಗುಳುಗುಳು ಸದ್ದು ಬಂದರೆ ಪೈಪ್ ಕ್ಲೀನರ್ ಇಳಿಸಿ ತೇವ ಹೀರಿಸಿ. ಅಡಿಯ ಕಹಿಯ ಬಹುಪಾಲು ಈ ನೀರಿನದೇ.

ಮೆಣಸಿನ ಘಾಟಿನ ಬಗ್ಗೆ. ಸಿಹಿ, ಹುಳಿ, ಕಹಿಗಳನ್ನು ನಾಲಿಗೆ ಅರಿಯುತ್ತದೆ. ಅಂಜೂರ, ಒಣಹುಲ್ಲುಗಳನ್ನು ಅರಿಯುವುದು ಮೂಗು, ಅದೂ ಬಾಯಿಯ ಹಿಂದಿನಿಂದ ಏರಿದ ಹೊಗೆಯಿಂದ. ಖಾರ ಮಾತ್ರ ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಅದು ಮುಖದ ಸಂವೇದನೆಯ ನರಕ್ಕೆ ತಾಗುವ ಚುರುಕು. ನೀವು ಹೊಗೆಯನ್ನು ಮೂಗಿನಿಂದ ಹೊರಬಿಟ್ಟಾಗ ಪೆರೀಕ್ ಆ ನರವನ್ನು ಮುಟ್ಟುತ್ತದೆ. ಬಾಯಿ ತುಂಬಾ ಇರುವ ಹೊಗೆಯನ್ನು ಒಮ್ಮೆಗೇ ಮೂಗಿಗೆ ಹಾಯಿಸಿದರೆ ಯಾರಿಗಾದರೂ ಕಣ್ಣಲ್ಲಿ ನೀರು ಬರುತ್ತದೆ. ಬಹುಪಾಲನ್ನು ಬಾಯಿಯಿಂದ ಬಿಟ್ಟು, ಕೊನೆಯ ಎಳೆಯನ್ನಷ್ಟೇ ಮೂಗಿನಿಂದ ಬಿಡಿ. ಆಗ ಮೆಣಸು ಹಿಂದೆ ಸರಿದು ಹಣ್ಣು ಮುಂದೆ ಬರುತ್ತದೆ. ಹೊಗೆಯನ್ನು ಎದೆಗೆ ಎಳೆದುಕೊಳ್ಳಬೇಡಿ. ಈ ಮಿಶ್ರಣ ನಿಮ್ಮ ವೆನಿಲಾ ತಂಬಾಕಿಗಿಂತ ಗಟ್ಟಿ. ಬರಿಹೊಟ್ಟೆಯಲ್ಲಿ ಸೇದಿದರೆ ಬಿಕ್ಕಳಿಕೆ, ತಲೆಸುತ್ತು, ಓಕರಿಕೆ ಬರುವುದು ನಿಕೋಟಿನ್ ಅತಿಯಾದ ಲಕ್ಷಣ.

ಪೈಪಿನ ಬಗ್ಗೆಯೂ ಒಂದು ಮಾತು. ಎರಡು ವರ್ಷ ವೆನಿಲಾ ಸೇದಿದ ಬಟ್ಟಲಿನ ಒಳಗೋಡೆಯ ಕರಿಪದರದಲ್ಲಿ ಆ ಸುಗಂಧ ಕೂತಿರುತ್ತದೆ, ಬಿಸಿಯಾದಾಗ ಎಸ್ಕೂಡೋದ ಹೊಗೆಯೊಳಗೆ ತಲೆಹಾಕುತ್ತದೆ. ನಿಮ್ಮ ಕೊನೆಯ ಕಹಿಯಲ್ಲಿ ಅದರ ಪಾಲೂ ಇರಬಹುದು. ಕರಿಪದರವನ್ನು ಒಂದು ಮಿಲಿಮೀಟರ್ ದಪ್ಪಕ್ಕೆ ಕೆರೆದು ಇಳಿಸಿ, ಕೊಳವೆಯನ್ನು ಶುಚಿಮಾಡಿ, ಕೆಲವು ಸಲ ಬರೀ ವರ್ಜೀನಿಯಾ ಸೇದಿದರೆ ಹಳೆಯ ವಾಸನೆ ಹೋಗುತ್ತದೆ. ಆಗುವುದಾದರೆ ಇಂಥ ಮಿಶ್ರಣಕ್ಕೆ ಬೇರೆಯೇ ಒಂದು ಬ್ರೈಯರ್ (ಮರದ) ಪೈಪ್ ಇಟ್ಟುಕೊಳ್ಳಿ.

ಆರೋಗ್ಯದ ಮಾತನ್ನು ಬದಿಗಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಪೈಪ್ ಸಿಗರೇಟಿಗಿಂತ ಸೌಮ್ಯ, ಎಳೆದುಕೊಳ್ಳದಿದ್ದರೆ ಹಾನಿಯಿಲ್ಲ ಎಂಬ ಮಾತು ನಿಜವಲ್ಲ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಶ್ವಾಸಕೋಶಗಳ ಕ್ಯಾನ್ಸರಿಗೆ ಪೈಪ್ ಕಾರಣವಾಗುತ್ತದೆ ಎಂಬುದು ಸ್ಥಾಪಿತ ಸತ್ಯ. ತಂಪಾಗಿ ಸೇದುವುದರಿಂದ ರುಚಿ ಹೆಚ್ಚುತ್ತದೆ, ಅಪಾಯ ಅಳಿಯುವುದಿಲ್ಲ. ಸೇದದವರು ನನ್ನ ಈ ಉತ್ತರವನ್ನು ಓದಿ ಪೈಪ್ ಹಿಡಿಯಬಾರದು. ಸೇದುವ ನಿಮಗೆ ಹೇಳುವುದು ಇಷ್ಟು: ಅಪರೂಪಕ್ಕೆ ಸೇದಿ, ನಿಲ್ಲಿಸಲು ಆದರೆ ಇನ್ನೂ ಒಳ್ಳೆಯದು. ನಾಲಿಗೆಯ ಉರಿ ಬಿಸಿಯಿಂದ ಬಂದದ್ದಾದರೆ ಸೇದುವುದನ್ನು ಬಿಟ್ಟ ಕೆಲವೇ ದಿನಗಳಲ್ಲಿ ಮಾಯುತ್ತದೆ. ಹುಣ್ಣೋ ಬಿಳಿಯ ಅಥವಾ ಕೆಂಪು ಮಚ್ಚೆಯೋ ಎರಡು ವಾರ ದಾಟಿದರೂ ಉಳಿದರೆ ಬರೀ ಬಿಸಿಯ ಉರಿ ಎಂದು ತಳ್ಳಿಹಾಕಬೇಡಿ, ದಂತವೈದ್ಯರಿಗೆ ತೋರಿಸಿ.

ಪಿರಿಯಾಪಟ್ಟಣದ ಎಲೆಯ ಪ್ರಶ್ನೆಗೆ ಬರುತ್ತೇನೆ. ಜಾತಿ ಒಂದೇ, ಹದಮಾಡುವ ಕ್ರಮ ಒಂದೇ. ಎಲೆ ಒಂದೇ ಅಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಹಗುರ ಕೆಂಪು ಮಣ್ಣಿನಲ್ಲಿ, ಮುಂಗಾರು ಮಳೆಯ ಆಸರೆಯಲ್ಲಿ ಬೆಳೆಯುವ ಹೊಗೆಸೊಪ್ಪು ಬಣ್ಣದಲ್ಲಿ ಸ್ವಚ್ಛ, ನಿಕೋಟಿನ್‌ನಲ್ಲಿ ಮಿತ, ರುಚಿಯಲ್ಲಿ ತಟಸ್ಥ. ಬೇರೆ ಎಲೆಗಳ ಜೊತೆ ಜಗಳವಾಡದೆ ಬೆರೆಯುತ್ತದೆ, ಅದಕ್ಕೇ ಸಿಗರೇಟ್ ಕಂಪನಿಗಳು ಮತ್ತು ರಫ್ತುದಾರರು ತಂಬಾಕು ಮಂಡಳಿಯ ಹರಾಜು ಕಟ್ಟೆಗಳಲ್ಲಿ ಅದಕ್ಕೆ ಬೆಲೆ ಕೂಗುತ್ತಾರೆ. ತಟಸ್ಥ ಎಂದರೆ ಕಳಪೆ ಎಂದಲ್ಲ. ಆ ಗುಣವನ್ನು ಉಳಿಸಿಕೊಂಡು ಹದಮಾಡುವುದು ದೊಡ್ಡ ಕಸುಬು. ಹಳದಿ ಬರಿಸುವಾಗ ಅರ್ಧ ದಿನ ಎಡವಿದರೆ ಬೇಲ್ ಕೆಳಗಿನ ಗ್ರೇಡಿಗೆ ಬೀಳುತ್ತದೆ ಎಂಬುದನ್ನು ನಿಮ್ಮ ತಂದೆಯವರನ್ನೇ ಕೇಳಿ ನೋಡಿ. ಪೈಪ್ ಮಿಶ್ರಣ ಮಾಡುವವರು ಬಯಸುವುದು ಮಾತ್ರ ಬೇರೆ: ಸಕ್ಕರೆ ಮತ್ತು ಎಣ್ಣೆಯಂಶ ಹೆಚ್ಚಿರುವ, ತನ್ನದೇ ಗಾಢ ಪರಿಮಳದ ಎಲೆ. ಒಂದೇ ಗಿಡದಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಅಡಿಯ ಎಲೆ ತೆಳು, ತುದಿಯ ಎಲೆ ದಪ್ಪ ಮತ್ತು ನಿಕೋಟಿನ್ ಹೆಚ್ಚು. ಊರಿಗೆ ಹೋದಾಗ ಬ್ಯಾರನ್‌ನಿಂದ ಇಳಿಸಿದ ಎಲೆಯನ್ನು ಪೈಪಿಗೆ ತುಂಬುವ ಪ್ರಯೋಗಕ್ಕೆ ಕೈಹಾಕಬೇಡಿ. ಹೊಸ ಎಲೆಯ ಹೊಗೆ ಒರಟು, ಹಸಿ ಹಸಿ. ಕಾರ್ಖಾನೆಗಳು ಅದನ್ನು ಒಂದೆರಡು ವರ್ಷವಾದರೂ ಹಳತಾಗಲು ಬಿಟ್ಟು ಆಮೇಲೆ ಬಳಸುತ್ತವೆ.

ಹಳತಾಗುವ ಲಾಭ ನಿಮ್ಮ ಡಬ್ಬಿಗೂ ಇದೆ. ತೆರೆದ ಡಬ್ಬಿಯ ಬಿಲ್ಲೆಗಳನ್ನು ರಬ್ಬರ್ ಬಿರಡೆಯ ಗಾಜಿನ ಭರಣಿಗೆ ತುಂಬಿ, ದಿನಾಂಕ ಬರೆದು ಕತ್ತಲಲ್ಲಿಡಿ, ಫ್ರಿಜ್ ಬೇಡ. ಕೆಲವು ವರ್ಷಗಳಲ್ಲಿ ವರ್ಜೀನಿಯಾದ ನಿಂಬೆಯ ಚುರುಕು ಇಳಿದು, ಬಣ್ಣ ಕಂದಾಗಿ, ಸಿಹಿಯೂ ಪೆರೀಕ್‌ನ ಹಣ್ಣೂ ಒಂದಾಗುತ್ತವೆ. ಹೊಗೆಯಲ್ಲಿ ಹದಮಾಡಿದ ಲಟಾಕಿಯಾ ಎಂಬ ಎಲೆ ಇರುವ ಮಿಶ್ರಣಗಳಿಗೆ ಕಾಲ ಇಷ್ಟು ಒಲಿಯುವುದಿಲ್ಲ, ಅವುಗಳ ಹೊಗೆವಾಸನೆ ಮಂಕಾಗುತ್ತದೆ. ವರ್ಜೀನಿಯಾ ಮತ್ತು ಪೆರೀಕ್ ಜೋಡಿ ಕಾದಷ್ಟೂ ಕೊಡುತ್ತದೆ.

ಒಣಗಿಸಿ, ಮೆಲ್ಲಗೆ ಸೇದಿ, ಬೇರೆ ಪೈಪಿನಲ್ಲೂ ನೋಡಿ, ಆಮೇಲೂ ಮೆಣಸು ನಿಮಗೆ ಹಿಡಿಸದಿದ್ದರೆ ಎಸ್ಕೂಡೋವನ್ನು ಕೊಟ್ಟ ಹಿರಿಯರಿಗೇ ಮರಳಿಸಿ, ಅವರು ಸಂತೋಷಪಡುತ್ತಾರೆ. ನೀವು ಪೆರೀಕ್ ಇಲ್ಲದ ಒತ್ತಿದ ವರ್ಜೀನಿಯಾದ ಕಡೆಗೆ ಹೋಗಿ. ಇಂಗ್ಲೆಂಡಿನ ಕೆಂಡಲ್ ಊರಿನ ಸ್ಯಾಮ್ಯುಯೆಲ್ ಗಾವಿತ್ ಹೆಸರಿನ ಫುಲ್ ವರ್ಜೀನಿಯಾ ಫ್ಲೇಕ್‌ನಲ್ಲಿ ನೀವು ಮುಚ್ಚಳ ತೆಗೆದಾಗ ಮೆಚ್ಚಿದ ಬೇಯಿಸಿದ ಹಣ್ಣಿನ ಸಿಹಿ ಘಾಟಿಲ್ಲದೆ ಸಿಗುತ್ತದೆ. ಅದು ಡಬ್ಬಿಯಿಂದ ಎಸ್ಕೂಡೋಗಿಂತ ಹೆಚ್ಚು ಒದ್ದೆಯಾಗಿ ಬರುತ್ತದೆ, ಒಣಗಿಸುವ ಹೊತ್ತನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಿಕೊಳ್ಳಿ.